ಶೂ ಟ್ರೀ ಮತ್ತು ಪಾದರಕ್ಷೆಯ ಆಕಾರ ರಕ್ಷಣೆ

ಶೂ ಟ್ರೀ ಎಂಬುದು ಬಳಸದ ವೇಳೆಯಲ್ಲಿ ಶೂಗಳ ಆಕಾರ ಕೆಡದಂತೆ ಅವುಗಳ ಒಳಗೆ ಇಡುವ, ಪಾದವನ್ನು ಹೋಲುವ ಅಚ್ಚು. ಇದನ್ನು ಮರ ಅಥವಾ ಪ್ಲಾಸ್ಟಿಕ್ಕಿನಿಂದ ಮಾಡಲಾಗುತ್ತದೆ. ಸಾಮಾನ್ಯವಾಗಿ ಮುಂಭಾಗವನ್ನೂ ಹಿಮ್ಮಡಿಯ ಭಾಗವನ್ನೂ ಒಂದು ಸ್ಪ್ರಿಂಗ್ ಜೋಡಿಸಿರುತ್ತದೆ. ಶೂ ಹೊಲಿಯುವಾಗ ಚರ್ಮವನ್ನು ಬಿಗಿದು ರೂಪ ಕೊಡುವ ಗಟ್ಟಿ ಅಚ್ಚು ಇದಲ್ಲ. ಎರಡನ್ನೂ ಒಂದೇ ಎಂದು ತಿಳಿಯುವವರುಂಟು.

ಬಳಕೆ

ದಿನವಿಡೀ ತೊಟ್ಟ ಶೂವಿನ ಚರ್ಮ ಬೆವರಿನಿಂದ ತೇವಗೊಂಡು ಮೆತ್ತಗಾಗಿರುತ್ತದೆ. ಬೆರಳುಗಳ ಬುಡದಲ್ಲಿ ಬಿದ್ದ ಮಡಿಕೆಗಳು ಒಣಗುತ್ತ ಹಾಗೆಯೇ ಗಟ್ಟಿಯಾಗುತ್ತವೆ; ಮುಂದೆ ಚರ್ಮ ಬಿರಿಯುವುದೂ ಅಲ್ಲಿಯೇ. ಆದುದರಿಂದ ಶೂ ಕಳಚಿದ ಸ್ವಲ್ಪ ಹೊತ್ತಿನಲ್ಲೇ ಅಚ್ಚನ್ನು ಸೇರಿಸಬೇಕು. ಮರುದಿನ ಸೇರಿಸಿದರೆ ಪ್ರಯೋಜನ ಅಷ್ಟಕ್ಕಷ್ಟೆ. ವಾರ್ನಿಷ್ ಬಳಿಯದ ದೇವದಾರು ಮರ ತೇವವನ್ನು ಹೀರಿಕೊಳ್ಳುತ್ತದೆ, ಪ್ಲಾಸ್ಟಿಕ್ ಹೀರದು. ಅಳತೆ ಮೀರಿದ ಅಚ್ಚು ಶೂವಿನ ಹಿಮ್ಮಡಿಯನ್ನು ಹಿಗ್ಗಿಸಿ ಕೆಡಿಸುತ್ತದೆ. ಅಚ್ಚು ಇಲ್ಲದವರು ಹಳೆಯ ಪತ್ರಿಕೆಯನ್ನು ಮುದ್ದೆ ಮಾಡಿ ತುಂಬಬಹುದು; ಮಳೆಯಲ್ಲಿ ತೊಯ್ದ ಶೂವಿಗಂತೂ ಇದೇ ಮೇಲು. ಕಾಗದ ಒದ್ದೆಯಾದಂತೆ ಬದಲಿಸುತ್ತಿರಬೇಕು.

ಕೊಲ್ಹಾಪುರಿ ಚಪ್ಪಲಿಗಳು

ಉತ್ತರ ಕರ್ನಾಟಕದ ಹೆಸರಾಂತ ಪಾದರಕ್ಷೆಗೆ ಶೂ ಟ್ರೀ ಹೊಂದುವುದಿಲ್ಲ. ಕೊಲ್ಹಾಪುರಿ ಎಂಬ ಹೆಸರಿದ್ದರೂ ಈ ಚಪ್ಪಲಿಗಳನ್ನು ಅಥಣಿ, ನಿಪ್ಪಾಣಿ ಮುಂತಾದ ಕಡೆಯ ಕುಶಲಕರ್ಮಿಗಳೂ ತಲೆಮಾರುಗಳಿಂದ ಹೊಲಿಯುತ್ತ ಬಂದಿದ್ದಾರೆ. 2019ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ, ಸೊಲ್ಲಾಪುರ, ಸಾಂಗ್ಲಿ, ಸಾತಾರಾ ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಹೆಸರು ಒಂದೂರಿನದಾದುದರಿಂದ ಕನ್ನಡ ನಾಡಿನ ಕೈಗಳು ಬಹುಕಾಲ ಮರೆಯಲ್ಲೇ ಉಳಿದವು.

ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸಿದ ಚರ್ಮವನ್ನು ಮೊಳೆಯಿಲ್ಲದೆ, ಚರ್ಮದ ದಾರದಿಂದಲೇ ಹೊಲಿಯುವುದು ಇದರ ಸಾಂಪ್ರದಾಯಿಕ ಕ್ರಮ. ಹೀಗೆ ಹದಗೊಂಡ ಚರ್ಮ ನೀರಿನಲ್ಲಿ ಊದಿಕೊಂಡು, ಒಣಗುವಾಗ ಸೊಟ್ಟಗಾಗುತ್ತದೆ. ತೊಯ್ದದ್ದನ್ನು ಒಲೆಯ ಬಳಿಯಾಗಲಿ ಬಿಸಿಲಲ್ಲಾಗಲಿ ಇಡದೆ, ನೆರಳಿನಲ್ಲಿ ಸಮತಟ್ಟಾಗಿ ಗಾಳಿಗೆ ಒಣಗಿಸಬೇಕು. ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ತೊಂದರೆ ಇನ್ನೊಂದು ಬಗೆಯದು. ಭೀಮಾ ತೀರದ ಘತ್ತರಗಿಯ ಭಾಗ್ಯವಂತಿ ದೇವಸ್ಥಾನದಂತಹ ಕ್ಷೇತ್ರಗಳಲ್ಲಿ ದರ್ಶನ ಮುಗಿಯುವವರೆಗೆ ಬಿಸಿಲಿನಲ್ಲಿ ಬಿಟ್ಟ ಚಪ್ಪಲಿಯ ಚರ್ಮ ಒಣಗಿ, ಅಂಚು ಮೇಲಕ್ಕೆ ಮುರುಟುತ್ತದೆ. ಆಗಾಗ ತೆಳುವಾಗಿ ಎಣ್ಣೆ ಸವರಿದರೆ ಚರ್ಮದ ಹದ ಉಳಿಯುತ್ತದೆ. ಹೆಚ್ಚಾದರೆ ಅಟ್ಟೆ ಮೆತ್ತಗಾಗಿ ಹೊಲಿಗೆ ಸಡಿಲುತ್ತದೆ. ಬಹುದಿನ ಎತ್ತಿಡುವುದಾದರೆ ಒಂದರ ಮೇಲೊಂದು ಹೇರದೆ, ಪಟ್ಟಿಯ ಕೆಳಗೆ ಕಾಗದದ ಸುರುಳಿಯಿಟ್ಟು, ಗಾಳಿಯಾಡುವ ಬಟ್ಟೆಯಲ್ಲಿ ಸುತ್ತಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಮಳೆಗಾಲಕ್ಕೆ ಬೂಷ್ಟು ಬರುತ್ತದೆ.