ನಾಯಿಗೆ ಹಣ್ಣಿನ ಐಸ್ ಕ್ಯಾಂಡಿ – ದ್ರಾಕ್ಷಿ ಬಿಟ್ಟು

ಬೇಸಿಗೆಯ ಮಧ್ಯಾಹ್ನ ಜಗಲಿಯ ನೆರಳಲ್ಲಿ ನಾಲಗೆ ಚಾಚಿ ಏದುಸಿರು ಬಿಡುತ್ತ ಮಲಗಿದ ನಾಯಿಯನ್ನು ನೀವು ನೋಡಿಯೇ ಇರುತ್ತೀರಿ. ಕಲ್ಲಂಗಡಿ ತಿರುಳನ್ನು ಹಿಚುಕಿ, ಫ್ರಿಜ್ಜಿನ ಐಸ್ ತಟ್ಟೆಯಲ್ಲಿ ಗಟ್ಟಿ ಮಾಡಿ ಒಂದು ತುಂಡು ಹಾಕಿದರೆ ಅದು ನೆಕ್ಕಿ, ಕಡಿದು ಖುಷಿಪಡುತ್ತದೆ. ಈ ಸಣ್ಣ ಕೆಲಸದ ಹಿಂದೆ ಸಾಕಷ್ಟು ವಿಜ್ಞಾನ ಚರಿತ್ರೆ ಇದೆ.

ತಂಪಿನ ಆಸೆ ಹಳೆಯದು. ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಶಾಖ ಹೀರುತ್ತದೆ. ಹೀಗೆ ಕುಡಿಯುವ ನೀರನ್ನು ತಂಪು ಮಾಡುತ್ತಿದ್ದ ಕ್ರಮವನ್ನು ಅಬುಲ್ ಫಜಲ್ 16ನೆಯ ಶತಮಾನದ 'ಐನ್-ಇ-ಅಕ್ಬರಿ'ಯಲ್ಲಿ ವರ್ಣಿಸಿದ್ದಾನೆ. ಇನ್ನು ಕಡ್ಡಿಗೆ ಅಂಟಿದ ಐಸ್ ಕ್ಯಾಂಡಿ? ಅಮೆರಿಕದ ಫ್ರಾಂಕ್ ಎಪರ್ಸನ್ 1905ರಲ್ಲಿ, ಹನ್ನೊಂದರ ಹುಡುಗನಾಗಿದ್ದಾಗ, ಕಡ್ಡಿ ಸಮೇತ ಹೊರಗೆ ಮರೆತ ಪಾನಕ ಚಳಿಗೆ ಹೆಪ್ಪುಗಟ್ಟಿತೆಂದು ಹೇಳುತ್ತಾರೆ. ಕಥೆ ಹೇಗೇ ಇರಲಿ, 1924ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿದ್ದು ದಾಖಲೆಯಲ್ಲಿದೆ.

ಹಾಗಾದರೆ ಐಸ್ ಕ್ಯಾಂಡಿ ನಾಯಿಯ ಮೈಯನ್ನು ತಣಿಸುತ್ತದೆಯೆ? ಒಂದು ಲೆಕ್ಕ ಮಾಡಿ ನೋಡಿ. 100 ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 8,000 ಕ್ಯಾಲೊರಿ ಬೇಕು; ಆ ನೀರು 38 ಡಿಗ್ರಿ ಸೆ.ಗೆ ಏರಲು ಇನ್ನೂ 3,800. ಒಟ್ಟು 11,800. ದೇಹದ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಅಂದರೆ 100 ಗ್ರಾಂ ಮಂಜುಗಡ್ಡೆ ಹೀರುವಷ್ಟೇ ಶಾಖವನ್ನು ಬರೇ 20 ಗ್ರಾಂ ನೀರು ಆವಿಯಾಗಿ ಒಯ್ಯುತ್ತದೆ! ನಾಯಿ ನೆಚ್ಚಿರುವುದು ಈ ಎರಡನೆಯ ದಾರಿಯನ್ನೇ. ಅದಕ್ಕೆ ನಮ್ಮಂತೆ ಮೈತುಂಬ ಬೆವರುವುದು ಸಾಧ್ಯವಿಲ್ಲ. ಏದುಸಿರಿನ ವೇಗ ನಾಯಿಯ ಶ್ವಾಸಾಂಗದ ಸಹಜ ಆವರ್ತಾಂಕಕ್ಕೆ ಹೊಂದುತ್ತದೆಂದು 1962ರಲ್ಲಿ ಕ್ರಾಫರ್ಡ್ ತೋರಿಸಿದ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಶ್ರಮ ಕಡಿಮೆಯಲ್ಲವೆ? ಇದೂ ಹಾಗೆಯೇ. ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಸಲ ಉಸಿರಾಡಿದರೂ ಸ್ನಾಯುಗಳಿಂದ ಹೆಚ್ಚು ಶಾಖ ಹುಟ್ಟುವುದಿಲ್ಲ. ಗಾಳಿ ಮುಖ್ಯವಾಗಿ ಮೂಗಿನಿಂದ ಒಳಹೋಗಿ ಬಾಯಿಂದ ಹೊರಬರುತ್ತದೆಂದು ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು 1970ರಲ್ಲಿ ಕಂಡುಕೊಂಡರು. ಆದ್ದರಿಂದ ಕುಡಿಯುವ ನೀರು, ನೆರಳು, ಗಾಳಿ ಮೊದಲು; ಕ್ಯಾಂಡಿ ಆಮೇಲಿನ ಉಪಚಾರ.

ಈಗ ಯಾವ ಹಣ್ಣು ಎಂಬ ಪ್ರಶ್ನೆ. ಬೀಜ ತೆಗೆದ ಕಲ್ಲಂಗಡಿ, ಪರಂಗಿ, ಬಾಳೆ, ಓಟೆಯಿಲ್ಲದ ಮಾವು – ಯಾವುದನ್ನಾದರೂ ಸ್ವಲ್ಪ ಹಾಕಬಹುದು. ದ್ರಾಕ್ಷಿಯನ್ನು ಮಾತ್ರ ಹಾಕಕೂಡದು. ಇದು ತೀರ ಈಚಿನ ತಿಳಿವಳಿಕೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡಗಳು ಕೆಡುತ್ತಿರುವುದನ್ನು ಅಮೆರಿಕದ ಪ್ರಾಣಿವಿಷ ಮಾಹಿತಿ ಕೇಂದ್ರದ ವೈದ್ಯರು ಗಮನಿಸಿ 2001ರಲ್ಲಿ ಪ್ರಕಟಿಸಿದರು. 2005ರಲ್ಲಿ ಪ್ರಕಟವಾದ ಒಂದು ಅವಲೋಕನದಲ್ಲಿ ಹೀಗೆ ಕಾಯಿಲೆ ಬಿದ್ದ 43 ನಾಯಿಗಳ ಪೈಕಿ ಬದುಕುಳಿದದ್ದು 23. ಕಾರಣ? ಬೂಷ್ಟಿನ ವಿಷವೆ, ಕೀಟನಾಶಕವೆ ಎಂದು ಹುಡುಕಿದರು, ಯಾವುದೂ ಹೊಂದಲಿಲ್ಲ. ಒಂದು ನಾಯಿ ಹಿಡಿ ದ್ರಾಕ್ಷಿ ತಿಂದೂ ಆರಾಮವಾಗಿರುತ್ತಿತ್ತು, ಇನ್ನೊಂದು ಕೆಲವೇ ಹಣ್ಣಿಗೆ ಮಲಗುತ್ತಿತ್ತು.

ಸುಳಿವು ಸಿಕ್ಕಿದ್ದು ದ್ರಾಕ್ಷಿಯಿಂದಲ್ಲ, ಮಕ್ಕಳ ಆಟದ ಹಿಟ್ಟಿನಿಂದ! ಮನೆಯಲ್ಲಿ ಮಾಡಿದ ಅಂಥ ಹಿಟ್ಟನ್ನು ತಿಂದ ನಾಯಿಯೊಂದರ ಮೂತ್ರಪಿಂಡ ಹಾಗೆಯೇ ಕೆಟ್ಟಿತ್ತು. ಹಿಟ್ಟಿನಲ್ಲಿ 'ಕ್ರೀಮ್ ಆಫ್ ಟಾರ್ಟರ್', ಅಂದರೆ ಪೊಟ್ಯಾಸಿಯಮ್ ಬೈಟಾರ್ಟರೇಟ್ ಇತ್ತು. ದ್ರಾಕ್ಷಿಯಲ್ಲೂ ಟಾರ್ಟಾರಿಕ್ ಆಮ್ಲ ಹೇರಳ, ತಳಿ ಮತ್ತು ಮಾಗುವಿಕೆಯಂತೆ ಅದರ ಪ್ರಮಾಣ ವ್ಯತ್ಯಾಸವಾಗುತ್ತದೆ. ಹಾಗಾಗಿ ಇದೇ ವಿಷಕಾರಕವಿರಬೇಕೆಂದು 2021ರಲ್ಲಿ ಸೂಚಿಸಲಾಯಿತು. ನಾಯಿಯ ಮೂತ್ರಪಿಂಡ ಅದನ್ನು ಸರಿಯಾಗಿ ಹೊರಹಾಕಲಾರದು ಎಂಬುದು ಈಗಿನ ವಿವರಣೆ.

ಟಾರ್ಟಾರಿಕ್ ಆಮ್ಲ ರಸಾಯನ ವಿಜ್ಞಾನಕ್ಕೆ ಅಪರಿಚಿತವೇನಲ್ಲ. 1769ರಲ್ಲಿ ಶೀಲೆ ಬೇರ್ಪಡಿಸಿದ್ದು ಇದನ್ನೇ. 1848ರಲ್ಲಿ ಪ್ಯಾಶ್ಚರ್ ಇದರ ಲವಣದ ಹರಳುಗಳನ್ನು ಎಡ, ಬಲ ಎಂದು ಕೈಯಿಂದಲೇ ಆರಿಸಿ ಅಣುಗಳ ಕನ್ನಡಿ ಬಿಂಬ ರೂಪಗಳನ್ನು ತೋರಿಸಿಕೊಟ್ಟ. ಪಠ್ಯಪುಸ್ತಕದ ಅಷ್ಟು ಪ್ರಸಿದ್ಧ ಆಮ್ಲ ನಾಯಿಗೆ ವಿಷವೆಂದು ಶಂಕಿಸಲು ಇನ್ನೂ 173 ವರ್ಷ ಬೇಕಾಯಿತು.

ನಮ್ಮಲ್ಲಿ ಇನ್ನೊಂದು ಎಚ್ಚರ ಬೇಕು. ಹುಣಸೆಯ ಹುಳಿಯೂ ಟಾರ್ಟಾರಿಕ್ ಆಮ್ಲದ್ದೇ. ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ವರದಿಯೂ ಬಂದಿದೆ. ಆದ್ದರಿಂದ ಹುಣಸೆ ಪಾನಕವಾಗಲಿ, ವಿಜಯಪುರದ ಒಣದ್ರಾಕ್ಷಿಯಾಗಲಿ ನಾಯಿಯ ತಟ್ಟೆಗೆ ಬೇಡ. ಸಕ್ಕರೆಗೆ ಬದಲಾಗಿ ಬಳಸುವ ಜೈಲಿಟಾಲ್ ಕೂಡ ಬೇಡ. ಅದು ನಾಯಿಗಳಲ್ಲಿ ಇನ್ಸುಲಿನ್ನನ್ನು ಉಕ್ಕಿಸಿ ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡುತ್ತದೆ. ಜಪಾನಿನ ಸಂಶೋಧಕರು 1960ರ ದಶಕದಲ್ಲೇ ನಾಯಿಗಳಲ್ಲಿ ಈ ಇನ್ಸುಲಿನ್ ಏರಿಕೆಯನ್ನು ದಾಖಲಿಸಿದ್ದರು. ನಿಮ್ಮ ನಾಯಿ ದ್ರಾಕ್ಷಿ ತಿಂದದ್ದು ತಿಳಿದರೆ ಲಕ್ಷಣಗಳಿಗಾಗಿ ಕಾಯಬೇಡಿ. ಎಷ್ಟು, ಯಾವಾಗ ತಿಂದಿತೆಂದು ಬರೆದುಕೊಂಡು ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ.