ಮುದ್ರೆ ಇದ್ದ ಮಾತ್ರಕ್ಕೆ ನಂಬಬಹುದಾ?

ತಲಕಾಡು ಅಂದ ಕೂಡಲೇ ಬಹಳ ಜನಕ್ಕೆ ನೆನಪಾಗೋದು ಮರಳು ಮತ್ತು ಪಂಚಲಿಂಗ ದರ್ಶನ. ತಿ. ನರಸೀಪುರ ತಾಲೂಕಿನ ಈ ಊರು ಒಂದು ಕಾಲಕ್ಕೆ ಗಂಗರ ರಾಜಧಾನಿ. ಗಂಗ ಅರಸರು ಭೂಮಿ ದಾನ ಕೊಟ್ಟರೆ ಅದನ್ನು ತಾಮ್ರದ ಹಲಗೆಗಳ ಮೇಲೆ ಕೆತ್ತಿಸುತ್ತಿದ್ದರು. ಹಲಗೆಗಳಿಗೆ ತೂತು ಕೊರೆದು ಒಂದು ಬಳೆ ಪೋಣಿಸಿ, ಬಳೆಯ ತುದಿಗಳನ್ನು ಆನೆ ಮುದ್ರೆಯೊಳಗೆ ಬೆಸೆಯುತ್ತಿದ್ದರು. ನಡುವಿನ ಒಂದು ಹಲಗೆ ಬದಲಾಯಿಸಬೇಕಾದರೂ ಬಳೆ ಕತ್ತರಿಸಬೇಕು, ಕತ್ತರಿಸಿದರೆ ಕಣ್ಣಿಗೆ ಬೀಳುತ್ತೆ. ಇವತ್ತು ನಾವು ಸಾಫ್ಟ್‌ವೇರ್ ಪ್ಯಾಕೇಜಿಗೆ ಡಿಜಿಟಲ್ ಸಹಿ ಹಾಕೋದೂ ಇದಕ್ಕೇ: ದಾರಿಯಲ್ಲಿ ಯಾರೂ ಕೈ ಹಾಕಿಲ್ಲ ಅಂತ ತೋರಿಸೋಕೆ.

ನಂಜನಗೂಡು, ತಿ. ನರಸೀಪುರ ತಾಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೇ ಸಂಪುಟದಲ್ಲಿ ಪ್ರಕಟಿಸಿದರು. ಅದೇ ಕಾಲದ ಇನ್ನೊಬ್ಬ ವಿದ್ವಾಂಸ ಜೆ.ಎಫ್. ಫ್ಲೀಟ್, ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಖೋಟಾ ಅಂತ ವಾದ ಹೂಡಿದರು. ಅವರು ನೋಡಿದ್ದು ಅಕ್ಷರದ ರೂಪ, ತೇದಿಯ ಲೆಕ್ಕ. ಪಟದಲ್ಲಿರೋದು ಹಳೇ ತೇದಿ, ಅಕ್ಷರ ಮಾತ್ರ ನಂತರದ ಕಾಲದ್ದು! ಹೊಲದ ಹಕ್ಕು ಬೇಕಾದವನು ಪಟದ ಜೊತೆ ಮುದ್ರೆಯನ್ನೂ ಎರಕ ಹೊಯ್ಯಬಲ್ಲ. ಫ್ಲೀಟ್ ಅನುಮಾನಿಸಿದ್ದೆಲ್ಲ ಖೋಟಾ ಅಲ್ಲ ಅಂತ ಆಮೇಲಿನವರು ಹೇಳಿದ್ದಾರೆ. ಆದರೂ ಮುದ್ರೆ ಹುಟ್ಟಿದ್ದು ಎಲ್ಲಿ, ಯಾವಾಗ ಅನ್ನೋ ಪ್ರಶ್ನೆ ಉಳಿಯಿತು.

ನಮ್ಮ ಕಾಲದ ಮುದ್ರೆ ಅಂದರೆ ಕೀ. ಅದರ ಬಲ ಇರೋದು ಹುಟ್ಟುವಾಗ ಸಿಗುವ ಯಾದೃಚ್ಛಿಕ ಸಂಖ್ಯೆಗಳಲ್ಲಿ, ಅಂದರೆ ಯಾರೂ ಊಹಿಸಲಾಗದ ಅಂಕಿಗಳಲ್ಲಿ. ಜಿಪಿಜಿಯಲ್ಲಿ ಕೀ ಮಾಡಲು ಹೋದರೆ ಹಿಂದೆಲ್ಲ ಸಾಕಷ್ಟು ರ‍್ಯಾಂಡಮ್ ಬೈಟ್‌ಗಳಿಲ್ಲ ಅಂತ ಹೇಳಿ ನಿಂತುಬಿಡುತ್ತಿತ್ತು. ಲಿನಕ್ಸ್ ಈ ಅಂಕಿಗಳನ್ನು ಕೀಬೋರ್ಡ್, ಮೌಸ್, ಡಿಸ್ಕ್‌ಗಳ ಏರುಪೇರಿನಿಂದ ಕೂಡಿಸಿಕೊಳ್ಳುತ್ತೆ. ಡೇಟಾ ಸೆಂಟರ್‌ನ ವರ್ಚುವಲ್ ಮಷೀನಿಗೆ ಮೌಸ್ ಅಲ್ಲಾಡಿಸೋರು ಯಾರು? ಯುರ‍್ಯಾಂಡಮ್‌ನಿಂದ ಬಂದದ್ದನ್ನೇ ಮತ್ತೆ ಒಳಗೆ ತುಂಬಿಸಿ ಅನ್ನೋ ಸಲಹೆ ಓಡಾಡುತ್ತಿತ್ತು. ಅದರಿಂದ ಮೀಟರ್ ಏರುತ್ತೆ, ಒಳಗೆ ಹೊಸದೇನೂ ಸೇರಲ್ಲ. 2020ರ ಲಿನಕ್ಸ್ 5.6 ಬಂದ ಮೇಲೆ ಈ ಕಾಯುವಿಕೆ ಹೆಚ್ಚುಕಡಿಮೆ ತಪ್ಪಿದೆ. ಈಗ ಹೆಚ್ಚು ಕಾಣೋದು 'ಇನ್‌ಅಪ್ರೋಪ್ರಿಯೇಟ್ ಐಯೋಕ್ಟಲ್' ಎರರ್. ಪಾಸ್‌ವರ್ಡ್ ಕೇಳಬೇಕಾದ ಪಿನ್‌ಎಂಟ್ರಿಗೆ ಟರ್ಮಿನಲ್ ಸಿಕ್ಕಿಲ್ಲ ಅಂತ ಅರ್ಥ. ಜಿಪಿಜಿ_ಟಿಟಿವೈ ವೇರಿಯಬಲ್‌ಗೆ ಟರ್ಮಿನಲ್ ಹೆಸರು ಕೊಟ್ಟರೆ ಸಾಮಾನ್ಯವಾಗಿ ಮುಗೀತು.

ಈ ಎರರ್‌ಗಳು ತಲೆ ತಿನ್ನುತ್ತವೆ, ಆದರೆ ಪ್ರಾಮಾಣಿಕ. ಭಯಪಡಬೇಕಾದ್ದು ಎರರ್ ಬಾರದೇ ಇದ್ದಾಗ. 2006ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ದೋಷ ಹುಡುಕುವ ಟೂಲ್ ಒಂದರ ಎಚ್ಚರಿಕೆ ನಿಲ್ಲಿಸಲು ಎರಡು ಸಾಲು ತೆಗೆದರು. ಎಚ್ಚರಿಕೆ ನಿಂತಿತು. ಜೊತೆಗೆ ಯಾದೃಚ್ಛಿಕತೆಯೂ ಹೋಯಿತು, ಉಳಿದದ್ದು ಪ್ರೋಸೆಸ್ ನಂಬರ್ ಒಂದೇ. ಹಾಗಾಗಿ ಒಂದು ಬಗೆಯ ಮಷೀನಿನಲ್ಲಿ, ಒಂದು ಅಳತೆಯಲ್ಲಿ ಹುಟ್ಟಬಹುದಾದ ಕೀಗಳು 32,767 ಮಾತ್ರ. ಎಲ್ಲವನ್ನೂ ಮೊದಲೇ ತಯಾರಿಸಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬಹುದು! ಉಬುಂಟುವಿಗೂ ಇದು ಹರಡಿತು. ಲುಸಿಯಾನೊ ಬೆಲ್ಲೊ ಕಂಡುಹಿಡಿದು, 2008ರ ಮೇ 13ರಂದು ಡೆಬಿಯನ್ ಪ್ರಕಟಿಸುವವರೆಗೆ ಸುಮಾರು 20 ತಿಂಗಳು ಕೀಗಳು ಹುಟ್ಟುತ್ತಲೇ ಇದ್ದವು, ಪ್ರತಿ ಪರೀಕ್ಷೆಯೂ ಪಾಸ್. ಜಿಪಿಜಿ ಕೀಗಳು ಬಚಾವಾದವು, ಅದಕ್ಕೆ ಓಪನ್‌ಎಸ್‌ಎಸ್‌ಎಲ್‌ನ ಹಂಗಿರಲಿಲ್ಲ. ಸರ್ವರ್ ಲಾಗಿನ್ನಿನ ಎಸ್‌ಎಸ್‌ಎಚ್ ಕೀಗಳು, ವೆಬ್‌ಸೈಟುಗಳ ಸರ್ಟಿಫಿಕೇಟುಗಳು ಮಾತ್ರ ಮತ್ತೆ ಹುಟ್ಟಬೇಕಾಯಿತು. ಪ್ಯಾಕೇಜ್ ಅಪ್‌ಡೇಟ್ ಮಾಡಿದರಷ್ಟೇ ಸಾಲದು, ಹಳೇ ಕೀ ಹಳೇ ಕೀಯೇ.

ಸಹಿ ತಾಳೆಯಾಯಿತು ಅಂತ ಟೂಲ್ ಹೇಳಿದರೆ ಅದು ಗಣಿತದ ಮಾತು ಅಷ್ಟೇ. ಅದಕ್ಕೇ ಪ್ರತಿ ಕೀಗೂ ನಾನೊಂದು ಜಾತಕ ಬರೆದಿಡುತ್ತೇನೆ: ಯಾವ ಮಷೀನು, ಯಾವ ವರ್ಷನ್, ಯಾವ ದಿನ. ಮುಂದೆ ಯಾವತ್ತೋ ಫ್ಲೀಟ್‌ನಂಥವರೊಬ್ಬರು ಬಂದು ಕೇಳಿದರೆ ತೋರಿಸೋಕೆ ಅಷ್ಟಾದರೂ ಇರಬೇಕು.