ಗಿರಣಿಯ ಕೂಲಿಯೂ ಸರ್ಕಾರದ ಲೆಕ್ಕವೂ

ಗಿರಣಿಯ ಕೂಲಿಗಾರನೊಬ್ಬನಿಗೆ ತಿಂಗಳಿಗೆ ಎಷ್ಟು ದೊರೆಯುತ್ತದೆ? ಪ್ರಶ್ನೆ ಸುಲಭವಾದುದು, ಉತ್ತರ ಹಾಗಲ್ಲ. 1921ರಲ್ಲಿ ಮುಂಬಯಿ ಸರ್ಕಾರದವರು ಈ ಉತ್ತರವನ್ನು ಹುಡುಕಲು ಹೊರಟ ಬಗೆಯನ್ನು ನಾವು ಈ ಹೊತ್ತು ವಿಚಾರಿಸೋಣ. ಧಾರವಾಡ, ಬೆಳಗಾಂವಿ, ವಿಜಾಪುರ, ಕಾರವಾರಗಳು ಆಗ ಅದೇ ಸರ್ಕಾರದ ಆಳಿಕೆಗೆ ಒಳಪಟ್ಟಿದ್ದುದರಿಂದ ಕನ್ನಡಿಗರಿಗೆ ಇದು ತೀರ ಹೊರಗಿನ ಸಂಗತಿಯೇನೂ ಅಲ್ಲ.

ಮೊದಲನೆಯ ಮಹಾಯುದ್ಧ ಮುಗಿದಾಗ ಧಾನ್ಯವೂ ಬಟ್ಟೆಯೂ ದುಬಾರಿಯಾಗಿದ್ದವು. 1919ರ ಜನವರಿಯಲ್ಲಿ ಲಕ್ಷಕ್ಕೂ ಮೇಲ್ಪಟ್ಟ ಗಿರಣಿ ಕೆಲಸಗಾರರು ಕೆಲಸ ನಿಲ್ಲಿಸಿದರು; ಮರುವರ್ಷ ಇನ್ನೊಮ್ಮೆ ಮುಷ್ಕರವಾಯಿತು. ಕೂಲಿ ಏರಿದೆಯಲ್ಲವೆ ಎಂದು ಮಾಲೀಕರು ಕೇಳಿದರು. ಕೂಲಿಗಿಂತ ಬೆಲೆ ಮುಂದೆ ಓಡಿದೆಯೆಂದು ಕೆಲಸಗಾರರು ಉತ್ತರ ಕೊಟ್ಟರು. ಈ ಎರಡು ಮಾತುಗಳನ್ನು ತೂಗಿ ನೋಡಲು ಸರ್ಕಾರದ ಕೈಯಲ್ಲಿ ನಂಬತಕ್ಕ ತಕ್ಕಡಿಯೇ ಇರಲಿಲ್ಲ. ಆದುದರಿಂದ 1921ರ ಏಪ್ರಿಲಿನಲ್ಲಿ ಲೇಬರ್ ಆಫೀಸು ಸ್ಥಾಪಿತವಾಯಿತು. ಸೆಪ್ಟೆಂಬರಿನಿಂದ ಅದರ ಲೇಬರ್ ಗೆಜೆಟ್ ಪ್ರಕಟವಾಗತೊಡಗಿತು. ಫಿಂಡ್ಲೇ ಶಿರಾಸ್ ಎಂಬ ಅರ್ಥಶಾಸ್ತ್ರಜ್ಞರು ಇದರ ನಿರ್ದೇಶಕರಾಗಿದ್ದರು.

ಹತ್ತಿಗಿರಣಿಗಳ 1921ರ ಮೇ ತಿಂಗಳ ಕೂಲಿಯನ್ನು ಮೊದಲು ಪರಿಶೀಲಿಸಲಾಯಿತು. ಇಲ್ಲಿ ಒಂದು ಭೇದವನ್ನು ನಾವು ಮರೆಯಕೂಡದು. ಗೊತ್ತುಮಾಡಿದ ದರವೇ ಬೇರೆ, ಕೈಗೆ ಬಂದ ಸಂಪಾದನೆಯೇ ಬೇರೆ. ನೇಯುವವನಿಗೆ ನೇಯ್ದ ಬಟ್ಟೆಯ ಲೆಕ್ಕದಲ್ಲಿ ಹಣ, ಬರದ ದಿನಕ್ಕೆ ಹಣವಿಲ್ಲ, ತಪ್ಪಿಗೆ ಜುಲ್ಮಾನೆ. ಬಟ್ಟೆ ಕೆಟ್ಟರೆ ಅದನ್ನು ಅವನ ತಲೆಗೇ ಕಟ್ಟಿ, ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವ ಪದ್ಧತಿಯೂ ಇದ್ದಿತು. ಜುಲ್ಮಾನೆಯು ರೂಪಾಯಿಗೆ ಅರ್ಧಾಣೆಯನ್ನು ಮೀರಬಾರದೆಂಬ ಶಾಸನ ಬರಲು 1936ರವರೆಗೆ ಕಾಯಬೇಕಾಯಿತು.

ಆದರೆ ಹೆಚ್ಚು ಮಹತ್ವದ ಕಾರ್ಯವು ಕುಟುಂಬಗಳ ಆಯವ್ಯಯದ ವಿಚಾರಣೆ. 1923ರಲ್ಲಿ ಪ್ರಕಟವಾದ ಈ ವರದಿಗೆ 2,473 ಕುಟುಂಬಗಳ ಮತ್ತು ಒಂಟಿಯಾಗಿ ಬಾಳುತ್ತಿದ್ದ 603 ಗಂಡಸರ ಲೆಕ್ಕಗಳು ಆಧಾರ. ಕುಟುಂಬವೊಂದರ ಸರಾಸರಿ ಮಾಸಿಕ ಆದಾಯ 52 ರೂಪಾಯಿ 4 ಆಣೆ 6 ಪೈ. ಇದು ಒಬ್ಬನ ಸಂಬಳವಲ್ಲ. ಹೆಂಡತಿಮಕ್ಕಳು ದುಡಿದುದೂ ಇದರಲ್ಲಿ ಸೇರಿತ್ತು. ಅರ್ಧಕ್ಕಿಂತ ಹೆಚ್ಚು ಹೊಟ್ಟೆಗೇ ಹೋಗುತ್ತಿದ್ದಿತು. ನೂರರಲ್ಲಿ 97 ಕುಟುಂಬಗಳಿಗೆ ಒಂದೇ ಕೋಣೆಯ ಮನೆ. 47 ಕುಟುಂಬಗಳಿಗೆ ಸಾಲ.

ವರದಿಯಲ್ಲಿ ಇನ್ನೊಂದು ಹೋಲಿಕೆಯುಂಟು. ಈ ಕೆಲಸಗಾರರು ತಿನ್ನುವ ಧಾನ್ಯವು ಕ್ಷಾಮದ ಕಾಯಿದೆಯು ಗೊತ್ತುಮಾಡಿದ ಗರಿಷ್ಠ ಪ್ರಮಾಣಕ್ಕೆ ಸರಿಯಾಗಿದೆ. ಮುಂಬಯಿಯ ಸೆರೆಮನೆಯ ನಿಯಮಗಳಲ್ಲಿ ಕೈದಿಗೆ ವಿಧಿಸಿರುವ ಆಹಾರಕ್ಕಿಂತ ಕಡಮೆಯಾಗಿದೆ! ಹೀಗೆ ಬರೆದವರು ಚಳುವಳಿಗಾರರಲ್ಲ, ಸರ್ಕಾರದ ನೌಕರರೇ. ಅಂಕಿಗಳ ಕಂತೆಯನ್ನು ನೀರಸವೆಂದು ಬದಿಗೆ ಸರಿಸುವ ನಮ್ಮ ವಿದ್ಯಾರ್ಥಿಗಳಿಗೆ ಈ ಒಂದು ಸಾಲನ್ನು ತೋರಿಸುವುದು ನಮ್ಮ ವಾಡಿಕೆ.

ವಿಚಿತ್ರವೇನೆಂದರೆ, 1914ರ ಜುಲೈಯನ್ನು ನೂರೆಂದು ಹಿಡಿದು ಈ ಕಚೇರಿಯು ಹೊರಡಿಸುತ್ತಿದ್ದ ಜೀವನವೆಚ್ಚದ ಸೂಚ್ಯಂಕವು ಇಂತಹ ಮನೆಲೆಕ್ಕಗಳ ಮೇಲೆ ನಿಂತುದಾಗಿರಲಿಲ್ಲ. ಯುದ್ಧಪೂರ್ವದಲ್ಲಿ ದೇಶದಲ್ಲಿ ಒಟ್ಟು ಎಷ್ಟು ಧಾನ್ಯ, ಎಷ್ಟು ಬಟ್ಟೆ ಬಳಕೆಯಾಗುತ್ತಿತ್ತೆಂಬ ಅಂದಾಜಿನಿಂದ ಅದನ್ನು ಕಟ್ಟಿದ್ದರು. ಕೆಲಸಗಾರನ ಮನೆಯ ಖರ್ಚನ್ನೇ ಆಧಾರವಾಗಿಟ್ಟುಕೊಂಡು, 1933-34ನ್ನು ನೂರೆಂದು ಹಿಡಿದ ಹೊಸ ಸೂಚ್ಯಂಕವು 1937ರಲ್ಲಿ ಬಂದಿತು.

ಎರಡನೆಯ ಮಹಾಯುದ್ಧದಲ್ಲಿ ಬೆಲೆಗಳು ಪುನಃ ಏರಿದಾಗ ತುಟ್ಟಿಭತ್ಯವನ್ನು ಈ ಅಂಕಿಗೇ ಗಂಟುಹಾಕಿದರು. ಅಲ್ಲಿಂದ ಮುಂದೆ ಅದು ಪಂಡಿತರ ಕಾಗದವಾಗಿ ಉಳಿಯಲಿಲ್ಲ. ಒಂದು ಅಂಕಿ ಇಳಿದರೆ ಸಾವಿರಾರು ಒಲೆಗಳ ಮೇಲಿನ ಅನ್ನ ಇಳಿಯುತ್ತಿತ್ತು. ಕೂಲಿಯ ಅಂಕಿ ಅಂಶಗಳನ್ನು ದೇಶಕ್ಕೆಲ್ಲ ಒಂದೆಡೆ ಸಂಗ್ರಹಿಸುವುದಕ್ಕಾಗಿ 1946ರಲ್ಲಿ ಸಿಮ್ಲಾದಲ್ಲಿ ಲೇಬರ್ ಬ್ಯೂರೋ ಸ್ಥಾಪಿತವಾಯಿತು. ಆದರೂ ಮುಂಬಯಿಯ ಗಿರಣಿಗಳು ತಮ್ಮ ಹಳೆಯ ಸೂಚ್ಯಂಕವನ್ನೇ ನೆಚ್ಚಿಕೊಂಡಿದ್ದವು. ಮೂವತ್ತು ವರ್ಷಗಳಲ್ಲಿ ಊರು ಬದಲಾಯಿತು, ಊಟ ಬದಲಾಯಿತು, ಬಾಡಿಗೆ ಬದಲಾಯಿತು. ಸೂಚ್ಯಂಕದ ತಳಹದಿ ಮಾತ್ರ ಹಾಗೆಯೇ ಇದ್ದಿತು.

ಅಂಗಡಿಯಲ್ಲಿ ಕೊಡುವ ಬೆಲೆ ಸರ್ಕಾರದ ಅಂಕಿಯಲ್ಲಿ ಕಾಣುತ್ತಿಲ್ಲವೆಂದು ಕಾರ್ಮಿಕ ಸಂಘಗಳು ದೂರಿದವು. 1963ರ ಆಗಸ್ಟಿನಲ್ಲಿ ಮುಂಬಯಿಯು ಕೆಲಸ ನಿಲ್ಲಿಸಿತು. ಬಹುಶಃ ಸೂಚ್ಯಂಕವೊಂದರ ಮೇಲಿನ ಸಂದೇಹದಿಂದ ಅಷ್ಟು ದೊಡ್ಡ ಊರು ಸ್ತಬ್ಧವಾದುದು ಅಪೂರ್ವವೇ ಸರಿ. ಪ್ರಾಧ್ಯಾಪಕ ಲಕಡಾವಾಲಾ ಅವರ ಅಧ್ಯಕ್ಷತೆಯ ಸಮಿತಿಯು ಲೆಕ್ಕವನ್ನು ಪುನಃ ಬಿಚ್ಚಿ ನೋಡಿತು. ಸೂಚ್ಯಂಕವನ್ನು ತಿದ್ದಿ ಮೇಲಕ್ಕೇರಿಸಬೇಕೆಂದು ಹೇಳಿತು.